ಮೋಡ ಬೇಡವೆಂದ ಸೋದರತ್ತೆ

ಚನ್ನರಾಯಪಟ್ಟಣದ ನನ್ನ ಸೋದರತ್ತೆಯಷ್ಟು ಅನುಮಾನದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಅನುಮಾನ ಮನುಷ್ಯರ ಮೇಲಲ್ಲ, ತಂತಿಯ ಮೇಲೆ! ಹೊಳೆನರಸೀಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧ ಜಗಳ, ಮುಕ್ಕಾಲು ಮದುವೆ ಮಾತುಕತೆ ಅವರ ಕಿವಿಯ ಮೇಲೇ ಹಾದುಹೋಗಿವೆ. ತಂತಿಯಲ್ಲಿ ಹೋದ ಮಾತನ್ನು ನಡುವೆ ಯಾರೋ ಕೇಳಿಸಿಕೊಳ್ಳುತ್ತಾರೆಂದು ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

ಹೋದ ವರ್ಷ ಹಾಸನದಿಂದ ಅವರಿಗೊಂದು ಸ್ಮಾರ್ಟ್ ಬಲ್ಬು ಒಯ್ದೆ. ಫೋನಿನಲ್ಲಿ ಒತ್ತಿದರೆ ಸುದ್ದಿ ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಅಪ್ಪಣೆ ಬಂದಮೇಲೆ ದೀಪ ಹತ್ತುತ್ತದೆ, ಆ ದೂರದ ಕಂಪ್ಯೂಟರಿಗೆ ಕ್ಲೌಡ್, ಅಂದರೆ ಮೋಡ ಎನ್ನುತ್ತಾರೆ ಎಂದು ವಿವರಿಸಿದೆ. ಅತ್ತೆ ಬಲ್ಬನ್ನು ತಿರುಗಿಸಿ ನೋಡಿದರು.

“ನಮ್ಮ ಅಡಿಗೆಮನೆ ದೀಪ ಹತ್ಸಕ್ಕೆ ಕಂಡೋರ ಪರ್ಮಿಶನ್ ಯಾಕ್ಲಾ?”

ಅಷ್ಟಕ್ಕೇ ಬಿಡುವವರಲ್ಲ. ವಿಡಿಯೊ ನೋಡಿ ನೋಡಿ ಕಲಿತು, ಅಂಗೈಯಗಲದ ಕಂಪ್ಯೂಟರೊಂದನ್ನು ತರಿಸಿ, ಗೋಡೆಯ ಗೂಡಿನಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಕೂರಿಸಿದರು. ಬಲ್ಬು, ನೀರಿನ ಮೋಟಾರು, ಗೇಟು ಎಲ್ಲವೂ ಅದಕ್ಕೇ ವರದಿ ಒಪ್ಪಿಸಬೇಕು, ತೀರ್ಮಾನ ಅಲ್ಲೇ ಆಗಬೇಕು. ಮೊದಮೊದಲು ಮೋಟಾರು ನಿಲ್ಲದೆ ಟ್ಯಾಂಕು ಉಕ್ಕಿ, ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳವೆಲ್ಲ ಮತ್ತೆ ಹಿಟ್ಟಾಯಿತು! ಅತ್ತೆ ಅವರಿಗೆ ಹೊಸ ಹಪ್ಪಳ ಒತ್ತಿಕೊಟ್ಟು ಬಂದು ಕಂಪ್ಯೂಟರಿಗೆ ಬುದ್ಧಿ ಕಲಿಸಿದರು.

ಹೀಗೆ ಹತ್ತಿರದಲ್ಲೇ ಲೆಕ್ಕ ಹಾಕುವುದಕ್ಕೆ ಫಾಗ್, ಅಂದರೆ ಮಂಜು ಎಂಬ ಹೆಸರಿದೆಯಂತೆ. ಮೋಡ ಮೇಲೆಲ್ಲೋ ಇರುತ್ತದೆ, ಮಂಜಾದರೆ ಅಂಗಳದವರೆಗೂ ಬರುತ್ತದೆ ಎಂದು ನನಗೇ ಪಾಠವಾಯಿತು.

ಕಳೆದ ತಿಂಗಳು ಹೋದಾಗ, ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿ ಬೀದಿಯಲ್ಲಿ ಯಾರಿಗೂ ಇಂಟರ್‌ನೆಟ್ ಇರಲಿಲ್ಲ. ಅತ್ತೆ, ನಾನು ಊಟಕ್ಕೆ ಕೂತಿದ್ದೆವು. ಮಾವ ಒಳಗೆ ಮಲಗಿದ್ದಾರೆಂದುಕೊಂಡಿದ್ದೆ. ಅಡಿಗೆಮನೆಯ ಗೂಡಿನಲ್ಲಿದ್ದ ಕಂಪ್ಯೂಟರು ಸಣ್ಣದೊಂದು ಗಂಟೆ ಹೊಡೆಯಿತು. ಅತ್ತೆ ಎಂಜಲು ಕೈಯಲ್ಲೇ ಹೊರಗೆ ಓಡಿದರು.

ಗೇಟು ತೆರೆದಿತ್ತು. ಶಾಂತಿಗ್ರಾಮದಲ್ಲಿ ಮೇಷ್ಟರಾಗಿದ್ದು ನಿವೃತ್ತರಾದ ಮಾವ ಹೆದ್ದಾರಿಯ ಕಡೆಗೆ ಬಿರಬಿರನೆ ನಡೆದಿದ್ದರು. ಅವರಿಗೆ ಮರೆವು ಬಂದಿರುವುದು ನನಗೆ ಗೊತ್ತಿತ್ತು, ಇಷ್ಟು ಬೆಳೆದಿರುವುದು ಗೊತ್ತಿರಲಿಲ್ಲ.

“ಬಸ್ ಓಯ್ತೇನೋ. ಮಕ್ಕಳು ಕಾಯ್ತಿರ್ತವೆ,” ಎಂದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಅವರ ಕೈ ಹಿಡಿದರು. “ಇವತ್ತು ರಜ ಕಣ್ರೀ. ಬನ್ನಿ, ಊಟ ಮಾಡವ.”

ರಜ ಎಂದದ್ದೇ ಮಾವನ ಮುಖ ಅರಳಿತು.

ಗೇಟಿನ ಸುದ್ದಿ ಮೋಡದ ಮೂಲಕ ಹಾಸನಕ್ಕೆ, ನನ್ನ ಫೋನಿಗೂ ಬರುವಂತೆ ಮಾಡಿದರೆ ನಾನೂ ನೋಡಿಕೊಳ್ಳಬಹುದಲ್ಲ ಎಂದು ಮೆಲ್ಲಗೆ ಕೇಳಿದೆ. ಅತ್ತೆ ತಿರುಗಿ ನೋಡಲಿಲ್ಲ.

“ಎಷ್ಟೊತ್ತಿಗ್ ಎದ್ರು, ದಾರಿ ಎಲ್ಲಿ ತಪ್ಪುದ್ರು ಅಂತ ಕಂಡೋರ್ ಯಾಕ್ ಬರ್ಕಬೇಕು? ಮೇಷ್ಟ್ರು ಕಣ್ಲಾ ಅವರು.”