‘ಸುಮೆರ್ಸೆ’ ಪದದ ಕುರಿತು ಸಮಿತಿಯ ನಿರ್ಣಯ

ಬೊಗೊಟಾದ ಆ ಖಾಸಗಿ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ, ಸಂಶೋಧಕರಿಂದ ಬಡವರಿಗೆ ಹಾನಿಯಾಗದಂತೆ ತಡೆಯಲೆಂದೇ ಒಂದು ನೈತಿಕತಾ ಸಮಿತಿ ಸ್ಥಾಪಿತವಾಗಿದೆ. ಈತನಕ ಬಡವರ್ಯಾರೂ ಅಲ್ಲಿ ದೂರು ಕೊಟ್ಟಿಲ್ಲ. ಕೊಡಬೇಕಾದರೆ ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿ ಗೇಟು ದಾಟಬೇಕು.

ಲೈಡಿ ಸಮಾಜಶಾಸ್ತ್ರದ ಕೊನೆಯ ವರ್ಷದವಳು. ನಗರದ ದಕ್ಷಿಣಕ್ಕೆ, ಗುಡ್ಡದ ಮೇಲಿದ್ದ ತನ್ನದೇ ಕೇರಿಯ ಬಗ್ಗೆ ಪ್ರಬಂಧ ಬರೆದಿದ್ದಳು. ಮೊದಲ ಸಂದರ್ಶನ ಅಮ್ಮ ರೊಸಾಲ್ಬಾಳದು. ಸಮಿತಿ ಒಪ್ಪಿದರೆ ಪದವಿ, ಇಲ್ಲವಾದರೆ ನಾಲ್ಕು ವರ್ಷದ ಓದು ನೀರಲ್ಲಿ ಮಾಡಿದ ಹೋಮ.

ಅಧ್ಯಕ್ಷ ಡಾ. ಇರಿಯಾರ್ತೆ ಹನ್ನೊಂದನೇ ಪುಟದಲ್ಲಿ ಬೆರಳಿಟ್ಟರು.

“ಮಾಹಿತಿದಾರಳು ನಿನ್ನನ್ನ ನಲವತ್ತೆರಡು ಸಲ ‘ಸುಮೆರ್ಸೆ’ ಅಂದಿದ್ದಾಳೆ. ಶಬ್ದಕೋಶದ ಪ್ರಕಾರ ‘ದಯಾಮಯಿ ಒಡತಿ’. ಇದು ದಬ್ಬಾಳಿಕೆ ಅಲ್ವೇನಮ್ಮ?”

“ಸರ್, ಅದು ಮುದ್ದಿನ ಮಾತು! ನಮ್ಮಮ್ಮ ಬೆಕ್ಕಿಗೂ ಹಾಗೇ ಅಂತಾಳೆ. ನಿಮ್ಮಜ್ಜಿ ನಿಮ್ಮನ್ನ ಅಂದಿಲ್ವಾ?”

“ನಮ್ಮಜ್ಜಿ ಪ್ರಬಂಧದಲ್ಲಿ ಇಲ್ಲ.”

ಅಷ್ಟರಲ್ಲಿ ಕಾಫಿ ತಂದ ಹೆಂಗಸು, “ಸಕ್ಕರೆ ಹಾಕಲಾ, ಸುಮೆರ್ಸೆ?” ಅಂದಳು.

“ಎರಡು ಚಮಚ, ಸುಮೆರ್ಸೆ,” ಅಂದ ಅಧ್ಯಕ್ಷರು ನಿರ್ಣಯಕ್ಕೆ ಸಹಿ ಹಾಕಿದರು. ಅದು ಹೀಗಿತ್ತು:

“ಸದರಿ ಮಾಹಿತಿದಾರಳು ಇನ್ನು ಮುಂದೆ ಸಂಶೋಧಕಿಯನ್ನು ‘ಸಂಶೋಧಕಿಯವರೇ’ ಎಂದೇ ಕರೆಯತಕ್ಕದ್ದು. ಮುದ್ದು ಮಾಡುವ ಅಗತ್ಯ ಬಿದ್ದಲ್ಲಿ, ಮೂರು ದಿನ ಮುಂಚಿತವಾಗಿ ನಮೂನೆ ಏಳರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.”

ಲೈಡಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕಾಗದ ಹಿಡಿದು ಮನೆಗೆ ಹೋದಳು. ಅಮ್ಮ ಕನ್ನಡಕ ಏರಿಸಿ ಒಂದಕ್ಷರ ಬಿಡದೆ ಓದಿದಳು.

“ಹೀಗೆ ಕರೆದ್ರೆ ಪಾಸ್ ಮಾಡ್ತಾರಾ, ಸುಮೆರ್ಸೆ?”

“ಮಾಡ್ತಾರಂತೆ.”

“ಅಷ್ಟೇ ತಾನೇ? ಅದಕ್ಯಾಕೆ ಮುಖ ಊದಿಸ್ಕೊಂಡಿದೀಯ!” ರೊಸಾಲ್ಬಾ ಸಹಿ ಹಾಕಿ ಎದ್ದಳು. “ಬನ್ನಿ ಸಂಶೋಧಕಿಯವರೇ, ಆಲೂಗಡ್ಡೆ ಸಾರು ಆರಿಹೋಗ್ತಿದೆ. ಕೈ ತೊಳ್ಕೊಳ್ಳಿ.”



ಪ್ರಬಂಧಕ್ಕೆ ಪದಕ ಬಂತು. ಮಾಹಿತಿದಾರರೊಡನೆ ಕಾಯ್ದುಕೊಂಡ ಮಾದರಿ ಅಂತರವನ್ನು ಸಮಿತಿ ವಿಶೇಷವಾಗಿ ಶ್ಲಾಘಿಸಿತು. ಪದವಿ ಪ್ರದಾನದ ದಿನ, ಹೊಸ ಶಾಲು ಹೊದ್ದು ಬಂದಿದ್ದ ರೊಸಾಲ್ಬಾ ಮಗಳನ್ನು ಬಾಚಿ ತಬ್ಬಿಕೊಂಡಳು. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡು, “ಅಭಿನಂದನೆಗಳು, ಸಂಶೋಧಕಿಯವರೇ,” ಅಂದಳು.

“ಅಮ್ಮಾ, ಎಲ್ಲಾ ಮುಗೀತಲ್ಲ! ಈಗಾದ್ರೂ ಅನ್ನು!” ಲೈಡಿ ಅತ್ತೇಬಿಟ್ಟಳು.

“ಶ್! ಅಧ್ಯಕ್ಷರು ನೋಡ್ತಿದಾರೆ. ನಿನ್ನೇನೇ ಅರ್ಜಿ ಕೊಟ್ಟಿದೀನಿ. ಇನ್ನೆರಡು ದಿನ ತಡ್ಕೊಳ್ಳಿ.”

ಲೈಡಿ ಕಣ್ಣೊರೆಸಿಕೊಂಡಳು.

“ಸ್ವೀಕೃತಿ ಚೀಟಿ ಇಸ್ಕೊಂಡ್ಯಾ?” ಎಂದು ಕೇಳಿದಳು.