ಚಿಮಣಿಯ ಮೇಲೆ ಸಜ್ಜಿಗೆ ಬೋಗುಣಿ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಹೆಡ್‌ಮಾಸ್ತರಾಗಿ ನಿವೃತ್ತನಾದವನು ನಾನು. ಐದಕ್ಕೆ ಏಳುವುದು, ಐದೂಕಾಲಿಗೆ ಸ್ನಾನ, ಆರಕ್ಕೆ ಕಾಫಿ. ಅಮೆರಿಕದ ಬರ್ಕ್ಲಿಯಲ್ಲಿರುವ ಮಗಳ ಮನೆಗೆ ಬಂದ ಮೇಲೂ ಈ ವೇಳಾಪಟ್ಟಿಗೆ ಒಂದು ನಿಮಿಷದ ತಿದ್ದುಪಡಿ ಆಗಿಲ್ಲ. ಇಂಥವನಿಗೆ ಒಂದು ಗೋಡೆ ಒಣಗಿಸುವುದು ಯಾವ ಮಹಾ ಕೆಲಸ?

ಅದು ದೇವರ ಮಂಟಪದ ಹಿಂದಿನ ಗೋಡೆ. ಅದರೊಳಗೆ ಹಳೆಯ ಇಟ್ಟಿಗೆ ಚಿಮಣಿ. ಹಿಂದೆ ಇಲ್ಲಿ ಸೌದೆ ಉರಿಸುತ್ತಿದ್ದರಂತೆ. ಈಗ ಮನೆ ಬೆಚ್ಚಗಿಡುವ ಗ್ಯಾಸ್ ಹೀಟರಿನ ಹೊಗೆ ಅದರಲ್ಲೇ ಮೇಲೆ ಹೋಗುತ್ತದೆ. ಚಳಿ ಶುರುವಾದದ್ದೇ ತಡ, ಗೋಡೆ ಒದ್ದೆಯಾಗಿ ಬಿಳಿ ಪುಡಿ ಉದುರತೊಡಗಿತು. ಭಾನುವಾರ ಸತ್ಯನಾರಾಯಣ ಪೂಜೆ. ನಲವತ್ತು ಜನ ಬರುವವರು!

"ಅಪ್ಪಾ, ಚಿಮಣಿ ರಿಪೇರಿಯವರು ಸೋಮವಾರ ಬರ್ತಾರಂತೆ. ಅಲ್ಲೀವರೆಗೆ ಏನೂ ಮಾಡ್ಬೇಡಿ," ಎಂದಳು ಮಗಳು ಸುಧಾ.

"ಪೂಜೆ ಮುಗಿದ ಮೇಲೆ ಬಂದು ಏನು ಪ್ರಸಾದ ತಿಂತಾನಾ? ಮಳೆ ನೀರು ಇಳೀತಿದೆ, ಅಷ್ಟೆ. ನಾನಿಲ್ವೇನಮ್ಮ?"

ಹತ್ತಿರದ ಊರು ವಾಲ್ನಟ್ ಕ್ರೀಕಿನಿಂದ ಬಂದಿದ್ದ, ನನ್ನ ಹೆಂಡತಿ ಸರೋಜಳ ಗೆಳತಿ ಪದ್ಮಕ್ಕ ಆ ಪುಡಿ ನೋಡಿ, "ಸರೋಜಾ, ಇದು ವಿಭೂತಿ ಕಣೇ!" ಎಂದು ಹಣೆಗಿಟ್ಟುಕೊಂಡು, ಒಂದು ಪೊಟ್ಟಣವನ್ನೂ ಕಟ್ಟಿಕೊಂಡರು. ಪರೀಕ್ಷಿಸದೆ ನಂಬುವ ಜನ! ನಾನು ಮರುಕಪಟ್ಟೆ.

ನನ್ನದು ವೈಜ್ಞಾನಿಕ ವಿಧಾನ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಗೆರೆ ಹಾಕಿದ್ದೆ: ದಿನ, ಮಳೆ, ಹೀಟರು, ತೇವ. ಎರಡು ವಾರ, ಪ್ರತಿ ಬೆಳಿಗ್ಗೆ ಆರೂವರೆಗೆ ಭರ್ತಿ. ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 'ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ.

ಗುರುವಾರ ಗೋಡೆಗೆ ಬಣ್ಣ ಬಳಿದೆ. ಸಂಜೆಗೆ ಅದು ಕರಿದ ಹಪ್ಪಳದಂತೆ ಉಬ್ಬಿತು. ಶುಕ್ರವಾರ ಫ್ಯಾನು ಹಚ್ಚಿದೆ. ಪುಡಿ ಹಾರಿ ಸಕಲ ದೇವಾನುದೇವತೆಗಳ ಮೇಲೂ, ನನ್ನ ಕಾಫಿಯಲ್ಲೂ ಕೂತಿತು. ಬಿಸಿಗಾದರೂ ಒಣಗಲಿ ಎಂದು ಹೀಟರನ್ನು ಜೋರು ಮಾಡಿದೆ. ಗೋಡೆ ಇನ್ನಷ್ಟು ಬೆವರಿತು!

ಶನಿವಾರ ಮಧ್ಯಾಹ್ನ ಸರೋಜ ಮಲಗಿದ್ದಳು, ಸುಧಾ ತರಕಾರಿ ತರಲು ಹೋಗಿದ್ದಳು. ಮನೆಯ ಮಾಡು ತಗ್ಗಿನದು. ಏಣಿ ಹಾಕಿ ಹತ್ತಿ, ಮಳೆ ನೀರಿನ ಹಾದಿಯನ್ನು ಶಾಶ್ವತವಾಗಿ ಮುಚ್ಚಿದೆ. ಅಳತೆಗೆ ಸರಿಯಾಗಿ ಸಿಕ್ಕಿದ್ದು ಒಂದೇ ಪಾತ್ರೆ. ಅದನ್ನು ಚಿಮಣಿಯ ಬಾಯಿಗೆ ಕವುಚಿ, ಮೇಲೆ ಎರಡು ಇಟ್ಟಿಗೆ ಹೇರಿ, ಕೈ ಕೊಡವಿಕೊಂಡು ಇಳಿದೆ.

ಭಾನುವಾರ ಬೆಳಿಗ್ಗೆ ಸರೋಜ ಅಡುಗೆಮನೆ ಬುಡಮೇಲು ಮಾಡಿದಳು.

"ಏನ್ರೀ, ಸಜ್ಜಿಗೆ ಮಾಡೋ ದೊಡ್ಡ ಬೋಗುಣಿ ನೋಡಿದ್ರಾ?"

"ಇಲ್ಲೇ ಎಲ್ಲೋ ಇರುತ್ತೆ," ಎಂದೆ. ಸುಳ್ಳಲ್ಲ. ಅವಳ ತಲೆಯ ಮೇಲೇ ಇತ್ತು.

ಹಿಂದಿನ ದಿನ ಬಂದ್ ಮಾಡಿದ್ದ ಹೀಟರು ಬೆಳಗಿನ ಚಳಿಗೆ ಎಡೆಬಿಡದೆ ಉರಿಯುತ್ತಿತ್ತು. ಜನ ಸೇರಿ, ಸತ್ಯನಾರಾಯಣ ಕಥೆಯ ಎರಡನೇ ಅಧ್ಯಾಯ ನಡೆಯುತ್ತಿದ್ದಾಗ, ಚಾವಣಿಗೆ ಅಂಟಿಸಿದ್ದ ಅಲಾರಂ ಡಬ್ಬಿ ಕಿರುಚತೊಡಗಿತು.

"ಶುಭಸೂಚನೆ!" ಎಂದು ಪದ್ಮಕ್ಕ ಕೈಮುಗಿದರು.

"ಬ್ಯಾಟರಿ ಮುಗಿದಿದೆ," ಎಂದು ನಾನು ಸ್ಟೂಲು ಹತ್ತಿದೆ.

"ಅಪ್ಪಾ, ಮುಟ್ಬೇಡಿ! ಅದು ಕಾರ್ಬನ್ ಮಾನಾಕ್ಸೈಡ್ ಅಲಾರಂ! ಎಲ್ಲರೂ ಹೊರಗೆ ನಡೀರಿ, ಈಗ್ಲೇ!"

ವಾಸನೆಯಿಲ್ಲದ, ಕಣ್ಣಿಗೆ ಕಾಣದ ವಿಷಗಾಳಿ. ಎಂಟನೇ ತರಗತಿಗೆ ನಾನೇ ಪಾಠ ಮಾಡಿದ್ದೆ! ನಲವತ್ತು ಜನ ರೇಷ್ಮೆಯುಟ್ಟು, ಬರಿಗಾಲಲ್ಲಿ, ಒದ್ದೆ ಹುಲ್ಲಿನ ಮೇಲೆ ನಿಂತರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಫೈರ್ ಎಂಜಿನ್ ಬಂತು. ಒಬ್ಬ ಮಾಡು ಹತ್ತಿ, ಮಸಿ ಹಿಡಿದ ಪಾತ್ರೆಯೊಂದಿಗೆ ಇಳಿದ.

"ಅಯ್ಯೋ, ನನ್ನ ಬೋಗುಣಿ!"

ನಲವತ್ತು ತಲೆಗಳು ನನ್ನ ಕಡೆ ತಿರುಗಿದವು.

ಸೋಮವಾರ ಚಿಮಣಿಯವನು ಬಂದು ಬಿಡಿಸಿ ಹೇಳಿದ. ಸೌದೆಯ ಹೊಗೆ ಬಹಳ ಬಿಸಿ, ಸೀದಾ ಮೇಲೇರುತ್ತಿತ್ತು. ಗ್ಯಾಸಿನ ಹೊಗೆಗೆ ಅಷ್ಟು ಬಿಸಿಯಿಲ್ಲ, ತುಂಬ ನೀರಾವಿ. ಅಗಲವಾದ ತಣ್ಣನೆಯ ಇಟ್ಟಿಗೆ ಚಿಮಣಿಯಲ್ಲಿ ಅರ್ಧದಲ್ಲೇ ಆರಿ, ಆಮ್ಲ ಬೆರೆತ ಹುಳಿ ನೀರಾಗುತ್ತದೆ. ಅದು ಇಟ್ಟಿಗೆ ತಿಂದು, ಉಪ್ಪನ್ನು ಹೊರಹಾಕುತ್ತದೆ. ಅದೇ ವಿಭೂತಿ. ಒಳಗೆ ತಕ್ಕ ಅಳತೆಯ ಲೋಹದ ಕೊಳವೆ, ಅಂದರೆ ಲೈನರ್, ಇಳಿಬಿಟ್ಟರೆ ಹೊಗೆ ಬಿಸಿಯಾಗಿಯೇ ಹೊರಗೆ ಹೋಗುತ್ತದೆ.

"ಯಾವತ್ತು ಜಾಸ್ತಿ ತೇವ ಇತ್ತು ಅಂತ ಕೇಳ್ತಿದ್ದಾನೆ," ಎಂದಳು ಸುಧಾ.

ನಾನು ಎದೆಯುಬ್ಬಿಸಿ ನೋಟ್‌ಬುಕ್ಕು ಕೊಟ್ಟೆ. ಅವಳು ಓದಿದಳು. ಹವೆ ಬೆಚ್ಚಗಿದ್ದ ಮೂರು ದಿನ: ಮಳೆ ಧಾರಾಕಾರ; ಹೀಟರು ಬಂದ್; ತೇವ ಕಡಿಮೆ. ಚಳಿಯ ದಿನ: ಮಳೆ ಇಲ್ಲ; ಹೀಟರು ಇಡೀ ದಿನ; ತೇವ ಬಹಳ. ಎರಡು ವಾರವೂ ಹಾಗೆಯೇ!

ಸರೋಜ ಕೆಂಪು ಶಾಯಿಯ ಮೇಲೆ ಬೆರಳಿಟ್ಟಳು. "ಮೇಷ್ಟ್ರೇ, ಇಲ್ಲಿ ಏನನ್ನ ಪರಿಶೀಲಿಸಿದ್ರಿ?"

ಲೈನರ್ ಬಂತು, ಗೋಡೆ ಒಣಗಿತು. ನೋಟ್‌ಬುಕ್ಕು ಈಗ ಸರೋಜಳ ವಶದಲ್ಲಿದೆ. ಕಲಂ ಒಂದೇ: ಬೋಗುಣಿ. ದಿನಾ ಆರೂವರೆಗೆ ಅದು ಕಪಾಟಿನಲ್ಲಿದೆಯೇ ಎಂದು ನಾನು ನೋಡಿ ಬರೆಯಬೇಕು.

ಸಹಿ ಮಾತ್ರ ಅವಳದು!