ಅಳತೆ ಸಾಹೇಬರ ಕೆಂಪು ಎಣ್ಣೆ

ಹೆಂಡತಿ ನಿವೃತ್ತರಾಗುವ ದಿನ ಅವರನ್ನು ಶಾಲೆಯ ಗೇಟಿನಿಂದ ಮನೆಯ ಬಾಗಿಲವರೆಗೆ ತಮ್ಮ ಹಳೇ ಕಾರಿನಲ್ಲೇ ಮೆರೆಸಿಕೊಂಡು ಬರುವುದಾಗಿ ಅಳತೆ ಸಾಹೇಬರು ಒಂದು ತಿಂಗಳ ಮುಂಚೆಯೇ ಘೋಷಿಸಿಬಿಟ್ಟಿದ್ದರು. ಬೀದಿಯ ಒಂಬತ್ತು ಮನೆಗಳಿಗೂ, ಹಾಲಿನವನಿಗೂ, ಶಾಲೆಯ ಅಷ್ಟೂ ಮೇಷ್ಟರುಗಳಿಗೂ ಬೇರೆ ಬೇರೆಯಾಗಿ ತಿಳಿಸಿಯಾಗಿತ್ತು. ಮಾತಿಗೆ ತಪ್ಪಿದರೆ ಮೀಸೆ ಬೋಳಿಸಿಕೊಳ್ಳುವುದಾಗಿಯೂ ಹೇಳಿದ್ದರು. ಹಾಲಿನವನು ಮಾತ್ರ ಆ ಮೀಸೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ ಹೋದ.

ಅಳತೆ ಸಾಹೇಬರು ಎಂಬುದು ಬೀದಿಯವರು ಇಟ್ಟ ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿ, ಕಿರಾಣಿ ಅಂಗಡಿಯ ತಕ್ಕಡಿಗೂ ಪೆಟ್ರೋಲ್ ಬಂಕಿನ ಲೀಟರಿಗೂ ಸಿಂಹಸ್ವಪ್ನವಾಗಿದ್ದವರು ಅವರು. ಕೆಲಸ ಬಿಟ್ಟು ಮೂರು ವರ್ಷವಾದರೂ ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ಬೆಳಗಿನ ಕಾಫಿ ಅರ್ಧ ಬೆರಳು ಕಡಿಮೆಯಿದ್ದರೂ ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಕಾರು ಅವರು ಮದುವೆಯಾದ ಹೊಸತರಲ್ಲಿ ಕೊಂಡದ್ದು. ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಜಾತಿಯದು. ಆ ಕಾಲಕ್ಕೆ ಊರಿಗೆಲ್ಲ ಅದೊಂದೇ. ಹೆಂಡತಿ ಶಾಲೆಯ ಕೆಲಸಕ್ಕೆ ಸೇರಿದ ಮೊದಲ ದಿನ ಸಾಹೇಬರು ಅವರನ್ನು ಅದರಲ್ಲೇ ಬಿಟ್ಟುಬಂದಿದ್ದರು. ಈಗ ಅವರು ಅದೇ ಶಾಲೆಯ ಹೆಡ್ ಮೇಡಂ. ಕಾರು ಮಾತ್ರ ಸಾಹೇಬರ ಮಂಡಿ ಆಪರೇಷನ್ ಆದಂದಿನಿಂದ ಹದಿನಾಲ್ಕು ತಿಂಗಳು ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಒಮ್ಮೆ ಮೆಕ್ಯಾನಿಕ್‌ಗೆ ತೋರಿಸಿಬಿಡಿ ಎಂದು ಮೇಡಂ ಎರಡು ಸಲ ಹೇಳಿ ನೋಡಿದರು.

"ನನ್ನ ಕಾರು ನಿಂತಲ್ಲಿ ಒಂದು ಹನಿ ಚೆಲ್ಲೋದಿಲ್ಲ ಕಣೇ. ಅದಕ್ಕೂ ನನ್ನ ಶಿಸ್ತೇ ಬಂದಿದೆ," ಎಂದರು ಸಾಹೇಬರು.

ಆ ಶಿಸ್ತನ್ನು ತೋರಿಸಲೆಂದೇ ಪಕ್ಕದ ಮನೆಯ ದರ್ಜಿಯನ್ನೂ ಕರೆದು, ಪರದೆ ಸರಿಸುವ ಗತ್ತಿನಲ್ಲಿ ಹೊದಿಕೆ ಎಳೆದರು. ಕಾರಿನ ಹೊಟ್ಟೆಯ ಕೆಳಗೆ, ನೆಲದ ಮೇಲೆ, ಊಟದ ತಟ್ಟೆಯಗಲ ಕೆಂಪು ಮಡುಗಟ್ಟಿತ್ತು. ದರ್ಜಿ ಎರಡು ಹೆಜ್ಜೆ ಹಿಂದೆ ಸರಿದು, ಒಳಗೆ ಯಾರಾದರೂ ಇದ್ದಾರಾ ಎಂದು ಮೆಲ್ಲಗೆ ಕೇಳಿದ. ಅದು ರಕ್ತವಲ್ಲ, ಗೇರ್‌ಬಾಕ್ಸಿನ ಆಯಿಲ್, ಅದರ ಬಣ್ಣವೇ ಕೆಂಪು ಎಂದು ಅವನಿಗೆ ತಿಳಿಹೇಳುವಷ್ಟರಲ್ಲಿ ಸಾಹೇಬರ ಅರ್ಧ ಗತ್ತು ಇಳಿದಿತ್ತು.

ಆದರೆ ಅಳತೆ ಬಲ್ಲವರು ಸೋರಿಕೆಗೆ ಹೆದರುತ್ತಾರೆಯೇ? ಗೇರ್ ಆಯಿಲಿನ ಅಳತೆ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಇಳಿಬಿಟ್ಟು ನೋಡಿದರು. ನೋಡಿದವರು ಬೆರಗಾದರು. ಅಷ್ಟೆಲ್ಲ ಸೋರಿದ ಮೇಲೂ ಆಯಿಲ್ ಗುರುತಿಗಿಂತ ನಾಲ್ಕು ಬೆರಳು ಮೇಲಿತ್ತು! ಕಾರಣ ಥಟ್ಟನೆ ಹೊಳೆಯಿತು. ಒಲೆಯ ಮೇಲಿನ ಹಾಲು ಯಾಕೆ ಉಕ್ಕುತ್ತದೆ? ಪಾತ್ರೆಗೆ ಹೆಚ್ಚಾದದ್ದಕ್ಕೆ. ಹಿಂದಿನ ಸಲ ಆಯಿಲ್ ಹಾಕಿದ ಗ್ಯಾರೇಜಿನವನು ಅಳತೆ ಮೀರಿ ಸುರಿದಿದ್ದಾನೆ, ಹೆಚ್ಚಾದದ್ದು ಹೊರಗೆ ಬರುತ್ತಿದೆ, ಅಷ್ಟೇ.

ಮೇಡಂ ಉತ್ತರ ಪತ್ರಿಕೆಗಳಿಂದ ತಲೆಯೆತ್ತದೆ ಒಂದೇ ಒಂದು ಪ್ರಶ್ನೆ ಕೇಳಿದರು. "ಹಾಗಿದ್ರೆ ಇಷ್ಟು ವರ್ಷ ಓಡಿಸುವಾಗ ಯಾಕೆ ಸೋರಲಿಲ್ಲ?"

ಎಣ್ಣೆಯ ವಿಚಾರ ನಿನಗೆ ತಿಳಿಯುವಂಥದ್ದಲ್ಲ ಎಂದು ಸಾಹೇಬರು ಆ ಪ್ರಶ್ನೆಯನ್ನು ವಜಾ ಮಾಡಿದರು.

ಸಣ್ಣ ಪೈಪು, ದೊಡ್ಡ ಸಿರಿಂಜು ತಂದು ಒಂದು ಮಧ್ಯಾಹ್ನವೆಲ್ಲ ಕೂತು ಎರಡೂವರೆ ಲೀಟರ್ ಹೊರಗೆ ತೆಗೆದರು. ಕಡ್ಡಿಯಲ್ಲಿ ಆಯಿಲ್ ಸರಿಯಾಗಿ ಗುರುತಿಗೆ ಬಂದು ನಿಂತಿತು. ಮರುದಿನ ಕಾರಿನ ಕೆಳಗೆ ಹಾಸಿದ್ದ ಹಳೇ ಪೇಪರ್ ನೋಡಿದರೆ ಒಂದು ಹನಿಯೂ ಇಲ್ಲ. ಸೋರಿಕೆ ನಿಂತೇಹೋಗಿತ್ತು! ಅಂದು ಸಾಹೇಬರು ನಡೆದ ನಡಿಗೆಯನ್ನು ಬೀದಿ ಹಿಂದೆಂದೂ ಕಂಡಿರಲಿಲ್ಲ. ತೆಗೆದ ಆಯಿಲನ್ನು ಡಬ್ಬಿಯಲ್ಲಿ ಹಿಡಿದು ಮನೆಮನೆಗೂ ಹೋಗಿ, ಕಿರುಗುಟ್ಟುವ ಗೇಟುಗಳ ತಿರುಗುಣಿಗೆಲ್ಲ ಧಾರಾಳವಾಗಿ ಬಿಟ್ಟುಬಂದರು. ಪ್ರತಿ ಗೇಟಿನ ಮುಂದೆಯೂ ಸೋರಿಕೆಯ ಕಥೆ ಮೊದಲಿನಿಂದ ನಡೆಯಿತು.

ಬ್ಯಾಟರಿಯನ್ನು ಚಾರ್ಜಿಗೆ ಕೊಟ್ಟಿದ್ದರಿಂದ ಎಂಜಿನ್ ಚಾಲೂ ಮಾಡಿ ನೋಡಲು ಆಗಿರಲಿಲ್ಲ. ಅದು ಕೈಗೆ ಬಂದದ್ದು ಮೇಡಂ ನಿವೃತ್ತರಾಗುವ ದಿನ ಮಧ್ಯಾಹ್ನ. ನಾಲ್ಕು ಗಂಟೆಗೆ ಶಾಲೆಯಲ್ಲಿರಬೇಕು. ಮೂರೂವರೆಗೆ ಸಾಹೇಬರು ಇಸ್ತ್ರಿ ಮಾಡಿದ ಕೋಟು ತೊಟ್ಟು ಕೀಲಿ ತಿರುಗಿಸಿದರು. ಎಂಜಿನ್ ಮೊದಲ ಸಲಕ್ಕೇ ಗುಡುಗಿತು. ಬ್ರೇಕು ಬಿಟ್ಟು, ಗೇರು ಹಾಕಿ, ಆಕ್ಸಿಲರೇಟರ್ ಒತ್ತಿದರು. ಕಾರು ಇನ್ನಷ್ಟು ಗುಡುಗಿತು. ಮುಂದಕ್ಕೆ ಮಾತ್ರ ಹೋಗಲಿಲ್ಲ. ರಿವರ್ಸ್ ಹಾಕಿದರೆ ಹಿಂದಕ್ಕೂ ಹೋಗಲಿಲ್ಲ. ಸದ್ದು ಕೇಳಿ ಬೀದಿಯ ಒಂಬತ್ತು ಗೇಟುಗಳೂ, ಸಾಹೇಬರ ಎಣ್ಣೆಯ ಕೃಪೆಯಿಂದ, ಚೂರೂ ಸದ್ದಿಲ್ಲದೆ ತೆರೆದುಕೊಂಡವು. ಎಲ್ಲರೂ ಹೊರಗೆ ಬಂದು ಸಾಲಾಗಿ ನಿಂತರು.

ಸಾಹೇಬರು ಗಡಿಯಾರ ನೋಡಿದರು. ಮೀಸೆಯ ಚಿಂತೆ ಅವರಿಗೆ ಆಗ ಇರಲೇ ಇಲ್ಲ. ಮೂವತ್ತನಾಲ್ಕು ವರ್ಷ ದುಡಿದ ಹೆಂಡತಿ ಅಷ್ಟು ಜನರ ಮುಂದೆ ಗೇಟಿನಲ್ಲಿ ಕಾದು ನಿಂತಿರುವುದೇ ಕಣ್ಣಿಗೆ ಕಟ್ಟಿತ್ತು. ದರ್ಜಿ ಓಡಿಹೋಗಿ ಮೂಲೆಯ ಮೆಕ್ಯಾನಿಕ್‌ನನ್ನು ಕರೆತಂದ. ಅವನು ಎಂಜಿನ್ ನಿಲ್ಲಿಸದೆಯೇ ಕಡ್ಡಿ ಎಳೆದು ನೋಡಿದ. ಅದರ ತುದಿಗೂ ಆಯಿಲ್ ಹತ್ತಿರಲಿಲ್ಲ.

"ಗಾಡಿ ಓಡ್ತಿರುವಾಗ ಅರ್ಧ ಆಯಿಲ್ ಗೇರ್‌ಬಾಕ್ಸಿನ ಮೇಲ್ಭಾಗಕ್ಕೆ ಹೋಗಿರುತ್ತೆ ಸಾರ್," ಎಂದ ಅವನು. "ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಮೇಲಿಂದು ಕೆಳಗಿನ ತಟ್ಟೆಗೆ ಇಳಿದು, ತಟ್ಟೆ ತುಂಬಿ, ಸೀಲಿನ ಸಂದೀಲಿ ಸೋರುತ್ತೆ. ಅದಕ್ಕೇ ಎಂಜಿನ್ ಓಡಿಸಿಕೊಂಡೇ ಅಳೀಬೇಕು. ಇದನ್ನ ನಿಲ್ಲಿಸಿ ಅಳೆದವನು ಯಾವನು ಸಾರ್?"

ಒಂಬತ್ತು ಗೇಟಿನವರೂ ಸಾಹೇಬರನ್ನೇ ನೋಡುತ್ತಿದ್ದರು. ಸಾಹೇಬರು ಕೋಟಿನ ಗುಂಡಿಯನ್ನು ನೋಡಿಕೊಂಡರು.

ಹೊಸ ಆಯಿಲ್ ತರಿಸಿ, ಹಾಕಿ, ಎಂಜಿನ್ ಓಡಿಸಿಯೇ ಅಳೆದು, ಶಾಲೆ ಮುಟ್ಟುವಾಗ ಐದೂಕಾಲು. ಒಬ್ಬ ಮೇಷ್ಟರೂ ಮನೆಗೆ ಹೋಗಿರಲಿಲ್ಲ. ಆಟೋ ತರಿಸಲೇ ಎಂದು ಅವರೆಲ್ಲ ಕೇಳುತ್ತಲೇ ಇದ್ದರಂತೆ. ಬರುತ್ತೇನೆ ಎಂದ ಮೇಲೆ ಅವರು ಬಂದೇ ಬರುತ್ತಾರೆ ಎಂದು ಮೇಡಂ ಮೆಟ್ಟಿಲಿನಿಂದ ಕದಲಿರಲಿಲ್ಲವಂತೆ. ಇದನ್ನು ಕೇಳಿ ಸಾಹೇಬರು ಕೋಟು ಸರಿಮಾಡಿಕೊಂಡರು. ಕಾರಿನ ಬಾಗಿಲು ತೆರೆದು ಹಿಡಿದಾಗ ಅವರಿಗಾದ ಹೆಮ್ಮೆ ಹೇಳತೀರದು. ಇಡೀ ಶಾಲೆ ಚಪ್ಪಾಳೆ ತಟ್ಟುತ್ತಿತ್ತು, ಅದೆಲ್ಲ ತಮ್ಮ ಹೆಂಡತಿಗೆ!

ಅಲ್ಲಿಗೇ ಸುಮ್ಮನಾಗಿದ್ದರೆ ಬಚಾವಾಗುತ್ತಿದ್ದರು. ತಡ ಯಾಕಾಯಿತು ಎಂದು ಯಾರೋ ಕೇಳಿದ್ದೇ ತಡ, ಹೆಮ್ಮೆ ಸಾಹೇಬರ ನಾಲಿಗೆಗೆ ಏರಿತು.

"ತಪ್ಪೆಲ್ಲ ಕಂಪನಿಯವರದು ಸ್ವಾಮಿ. ಎಂಜಿನ್ ಓಡಿಸಿಕೊಂಡು ಅಳೀಬೇಕು ಅಂತ ಎಲ್ಲಾದ್ರೂ ಒಂದು ಸಾಲು ಬರೆದಿಡಬಾರದಾ? ಬರೆದಿದ್ರೆ ನನ್ನ ಕಣ್ಣಿಗೆ ಬೀಳದೆ ಇರ್ತಿತ್ತಾ?"

ಮೇಷ್ಟರುಗಳೆಲ್ಲ ತಲೆದೂಗಿದರು. ಕಾರು ಬೆಣ್ಣೆಯಂತೆ ಜಾರಿ ರಸ್ತೆಗಿಳಿಯಿತು.

ಬೀಳ್ಕೊಡುಗೆಗೆಂದು ಕೊಟ್ಟ ಹೊಸ ಪೆನ್ನುಗಳ ಡಬ್ಬಿಯನ್ನು ಇಡಲು ಮೇಡಂ ಮುಂದಿನ ಖಾನೆಯನ್ನು ತೆರೆದರು. ಅಲ್ಲಿ ಕಾರಿನ ಜೊತೆಗೇ ಬಂದಿದ್ದ ಕೈಪಿಡಿಯೊಂದು ಹಳದಿಯಾಗಿ ಬಿದ್ದಿತ್ತು. ಮೇಡಂ ಕನ್ನಡಕ ಹಾಕಿಕೊಂಡು, ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ, ಒಂದೊಂದೇ ಪುಟ ತಿರುವುತ್ತಾ ಹೋಗಿ ಒಂದು ಕಡೆ ನಿಂತರು. ಗೇರ್ ಆಯಿಲನ್ನು ಎಂಜಿನ್ ಓಡುತ್ತಿರುವಾಗ ಮಾತ್ರ ಅಳೆಯಿರಿ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು. ಪಕ್ಕದಲ್ಲಿ ಇಲಾಖೆಯ ಹಸಿರು ಶಾಯಿಯಲ್ಲಿ, "ಬಹಳ ಮುಖ್ಯ. ಓದಿ ಗಮನಿಸಲಾಗಿದೆ" ಎಂಬ ಟಿಪ್ಪಣಿ, ತಾರೀಕು, ಮತ್ತು ಅಂಗಡಿಯವರೆಲ್ಲ ಕಂಡು ನಡುಗುತ್ತಿದ್ದ ಆ ಸಹಿ.

ಮೇಡಂ ಅದನ್ನು ಸ್ಪಷ್ಟ ಉಚ್ಚಾರಣೆಯಲ್ಲಿ ಓದಿದರು. ಸಾಹೇಬರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಹೊಸ ಪೆನ್ನಿನ ಮುಚ್ಚಳ ತೆರೆದ ಸದ್ದು ಕೇಳಿತು. ಮೇಡಂ ಅದೇ ಪುಟದಲ್ಲಿ ಏನನ್ನೋ ಬರೆದು, ಪುಸ್ತಕವನ್ನು ತೆರೆದಂತೆಯೇ ಗಂಡನ ತೊಡೆಯ ಮೇಲಿಟ್ಟು, ಕಿಟಕಿಯ ಹೊರಗೆ ನೋಡತೊಡಗಿದರು.

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಸಾಹೇಬರು ಕಣ್ಣು ಹಾಯಿಸಿದರು. ಮೇಡಂ ತಮ್ಮ ಸೇವೆಯ ಕಟ್ಟಕಡೆಯ ಷರಾ ಬರೆದು, ಮುಖ್ಯೋಪಾಧ್ಯಾಯಿನಿ ಎಂದು ಸಹಿಯನ್ನೂ ಹಾಕಿದ್ದರು:

"ಕೈಬರಹ ಅಂದವಾಗಿದೆ. ವಿದ್ಯಾರ್ಥಿ ತಾನು ಬರೆದದ್ದನ್ನು ತಾನೂ ಓದಬೇಕು."